ಸೋಮವಾರ ಬೆಲ್ಲ ತಿಂದ ಅತ್ತೆ

ನನ್ನ ಸೊಂಟಕ್ಕೆ ಈಗ ಒಂದು ಯಂತ್ರ ಅಂಟಿಕೊಂಡಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಅದರಿಂದ ಹೊರಟ ತೆಳ್ಳನೆಯ ನಳಿಗೆ ಹೊಟ್ಟೆಯ ಚರ್ಮದೊಳಗೆ ಇಳಿದು ದಿನವಿಡೀ ಹನಿಹನಿಯಾಗಿ ಇನ್ಸುಲಿನ್ ಬಿಡುತ್ತದೆ. ರಕ್ತದಲ್ಲಿ ಸಕ್ಕರೆ ಇಳಿದರೆ ಕುಂಯ್ ಅನ್ನುತ್ತದೆ, ಏರಿದರೂ ಕುಂಯ್ ಅನ್ನುತ್ತದೆ. ಮಗಳು ಹಟ ಹಿಡಿದು ಹಾಕಿಸಿದ್ದು. ಒಳ್ಳೆಯ ಯಂತ್ರವೇ, ಇಲ್ಲವೆನ್ನುವುದಿಲ್ಲ.

ಹಾಕಿದ ದಿನ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ಹುಡುಗಿ ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದಳು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ತಾನೇ ಪಾಠ ಮಾಡಿದವಳಿಗೆ ಇನ್ನೊಬ್ಬರ ಪಾಠ ಕೇಳುವ ಸಹನೆ ಕಡಿಮೆ. ಸಕ್ಕರೆ ತೀರಾ ಇಳಿದಾಗ ಏನೇನಾಗುತ್ತದೆ ಎಂದು ಕಾಗದ ನೋಡಿ ಓದಿದಳು: ಬೆವರು, ನಡುಕ, ಕಾರಣವಿಲ್ಲದ ಸಿಟ್ಟು, ತುಟಿಯ ಅಂಚು ಜುಮ್ಮೆನ್ನುವುದು. ಕೊನೆಗೆ, ಇನ್ನು ಮುಂದೆ ನೀವು ಏನೂ ವಿಚಾರ ಮಾಡಬೇಕಾಗಿಲ್ಲ, ಎಲ್ಲ ವಿಚಾರ ಇದೇ ಮಾಡುತ್ತದೆ ಎಂದಳು. ನನಗೆ ಸಿಟ್ಟು ಬಂತು, ಆ ಸಿಟ್ಟಿಗೆ ಸಕ್ಕರೆ ಕಾರಣವಾಗಿರಲಿಲ್ಲ. ಈ ಯಂತ್ರ ಮಾಡುವ ವಿಚಾರವನ್ನೆಲ್ಲ ಬೆಟಗೇರಿಯಲ್ಲಿ ಅಕ್ಷರ ಬಾರದ ಒಬ್ಬ ಹೆಂಗಸು ಒಂದು ತುಂಡು ಕೆಂಪು ದಾರ ಇಟ್ಟುಕೊಂಡು ಹತ್ತು ವರ್ಷ ಮಾಡಿದ್ದಳು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಮುಂದಿನ ಪೇಷಂಟಿನ ಹತ್ತಿರ ಹೋಗಿಬಿಟ್ಟಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಹೆಂಗಸು ನನ್ನ ಅಪ್ಪನ ಅಕ್ಕ, ನನಗೆ ಸೋದರತ್ತೆ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮತ್ತೆ ಎಲ್ಲಿಗೂ ಹೋಗಲಿಲ್ಲ. ನಮ್ಮದು ನೇಕಾರರ ಮನೆ. ಪಡಸಾಲೆಯ ನೆಲದಲ್ಲಿ ಮೊಣಕಾಲುದ್ದದ ಕುಣಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ಅಪ್ಪ ಮಗ್ಗ ಬಡಿಯುತ್ತಿದ್ದ. ಪಕ್ಕದಲ್ಲಿ ರಾಟಿಯ ಮುಂದೆ ಅತ್ತೆ, ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತ. ಅಡುಗೆ ಮನೆ ಅವ್ವನದು. ನಾನೊಬ್ಬಳೇ ಮಗಳು, ಹೀಗಾಗಿ ಮುದ್ದೂ ಹೆಚ್ಚು, ಮೊಂಡತನವೂ ಹೆಚ್ಚು.

ಅತ್ತೆಗೆ ಎರಡು ವಿಷಯದಲ್ಲಿ ಯಾರೂ ಎದುರು ಮಾತಾಡುವಂತಿರಲಿಲ್ಲ. ಒಂದು ಬಣ್ಣ. ಎರಡು ಲಡಿ ನೂಲು ತಂದು ಇವು ಒಂದೇ ಕೆಂಪು ಎಂದು ಯಾರಾದರೂ ಹೇಳಿದರೆ ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದು, ಅಲ್ಲ ಎಂದು ತಿರುಗಿ ಕಳಿಸುತ್ತಿದ್ದಳು. ಇನ್ನೊಂದು ಸೋಮವಾರದ ಉಪವಾಸ. ಅಂದು ಹೊತ್ತು ಮುಳುಗುವ ತನಕ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕುತ್ತಿರಲಿಲ್ಲ. ಮೈಯಲ್ಲಿ ಜ್ವರ ಸುಡುತ್ತಿದ್ದಾಗಲೂ ಬಿಟ್ಟವಳಲ್ಲ. ಅಪ್ಪ ಬೈದು ಬೈದು ಸಾಕಾಗಿ ಸುಮ್ಮನಾಗಿದ್ದ.

ಎಪ್ಪತ್ತರ ದಶಕದ ನಡುವೆ, ನನಗೆ ಹನ್ನೊಂದು ತುಂಬಿದಾಗ, ನಾನು ಕೊಡಗಟ್ಟಲೆ ನೀರು ಕುಡಿಯತೊಡಗಿದೆ. ಉಂಡದ್ದು ಮೈಗೆ ಹತ್ತದೆ ಕಡ್ಡಿಯಾದೆ. ಅವ್ವ ದೃಷ್ಟಿ ತೆಗೆದಳು, ಹರಕೆ ಹೊತ್ತಳು. ಗದಗಿನ ಡಾಕ್ಟರರ ಹತ್ತಿರ ಎತ್ತಿಕೊಂಡು ಹೋದವಳು ಅತ್ತೆಯೇ, ಅಪ್ಪ ಅವ್ವ ಹಿಂದೆ ಬಂದರು. ಅವರು ಪರೀಕ್ಷೆ ಮಾಡಿ, ಇದು ಸಕ್ಕರೆ ಕಾಯಿಲೆ, ಮಕ್ಕಳಿಗೆ ಬರುವ ಜಾತಿಯದು, ಗುಳಿಗೆಯಿಂದ ಆಗುವುದಿಲ್ಲ, ಬದುಕಿರುವ ತನಕ ದಿನಾ ಬೆಳಿಗ್ಗೆ ಇನ್ಸುಲಿನ್ ಸೂಜಿ ಬೇಕು ಎಂದರು. ಹೆಚ್ಚಾದರೆ ಸಕ್ಕರೆ ಒಮ್ಮೆಲೇ ಇಳಿದು ಜೀವಕ್ಕೆ ಬರುತ್ತದೆ, ಕಡಿಮೆಯಾದರೆ ನಿಧಾನವಾಗಿ ಜೀವಕ್ಕೆ ಬರುತ್ತದೆ ಎಂದೂ ಹೇಳಿದರು. ಮನೆಯಲ್ಲಿ ಯಾರು ಸೂಜಿ ಹಾಕುತ್ತೀರಿ ಎಂದು ಕೇಳಿದಾಗ ಅವ್ವ ಅಲ್ಲೇ ಗೋಡೆ ಹಿಡಿದು ಕುಸಿದಳು. ಕೂದಲಿನಂಥ ಎಳೆ ಹರಿದರೂ ಕಣ್ಣುಮುಚ್ಚಿ ಕೂಡಿಸುವ ಅಪ್ಪನ ಕೈ ಗಡಗಡ ನಡುಗುತ್ತಿತ್ತು.

"ನಾ ಹಾಕ್ತೀನ್ರಿ. ತೋರಸ್ರಿ" ಎಂದಳು ಅತ್ತೆ.

ಓದಲು ಬರುತ್ತದೆಯೇ ಎಂದು ಡಾಕ್ಟರರು ಕೇಳಿದರು. ಬರುವುದಿಲ್ಲ, ಆದರೆ ನೋಡಲು ಬರುತ್ತದೆ ಎಂದಳು. ಅವರು ನಕ್ಕು ಗಾಜಿನ ಸಿರಿಂಜಿನ ಮೇಲೆ ಎಲ್ಲಿಯ ತನಕ ಔಷಧಿ ಎಳೆಯಬೇಕೆಂದು ಬೆರಳಿಟ್ಟು ತೋರಿಸಿದರು. ಅತ್ತೆ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದ ಕೆಂಪು ನೂಲನ್ನು ತೆಗೆದು, ಆ ಬೆರಳಿನ ಜಾಗದಲ್ಲಿ ಸಿರಿಂಜಿನ ಸುತ್ತ ಎರಡು ಸುತ್ತು ಬಿಗಿದು ನೇಕಾರರ ಗಂಟು ಹಾಕಿದಳು. ಪಕ್ಕಾ ಬಣ್ಣದ ನೂಲು, ಎಷ್ಟು ಕುದಿಸಿದರೂ ಬಿಡುವುದಿಲ್ಲ. ನಾಲ್ಕು ತಿಂಗಳಲ್ಲಿ ಸಿರಿಂಜಿನ ಮೇಲಿನ ಕರಿ ಗೆರೆಗಳೆಲ್ಲ ಕುದ್ದು ಕುದ್ದು ಅಳಿಸಿಹೋದವು, ಅತ್ತೆಯ ದಾರ ಮಾತ್ರ ಹಾಗೇ ಉಳಿಯಿತು.

ಔಷಧಿಯನ್ನು ತಂಪಿನಲ್ಲಿ ಇಡಬೇಕಿತ್ತು. ಫ್ರಿಜ್ ಎನ್ನುವುದನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಅತ್ತೆ ಮನೆಯೆಲ್ಲ ಓಡಾಡಿ ನೆಲ ಮುಟ್ಟಿ ಮುಟ್ಟಿ ನೋಡಿ ಕೊನೆಗೆ ಮಗ್ಗದ ಕುಣಿಗೆ ಇಳಿದಳು. ಮಾರ್ಚ್ ತಿಂಗಳ ಉರಿಯಲ್ಲೂ ಕುಣಿ ತಣ್ಣಗಿರುತ್ತಿತ್ತು. ಅದರ ಮೂಲೆಯಲ್ಲಿ ಒಂದು ಸಣ್ಣ ಗಡಿಗೆ ಹೂತು, ಹಸಿ ಉಸುಕು ತುಂಬಿ, ನಡುವೆ ಔಷಧಿಯ ಶೀಸೆ ಇಟ್ಟು ಒದ್ದೆ ಬಟ್ಟೆ ಮುಚ್ಚಿದಳು. ಅಪ್ಪನ ಕಾಲಿಗೆ ಒಂದು ಗೇಣು ದೂರದಲ್ಲಿ ನನ್ನ ಜೀವ ಇರುತ್ತಿತ್ತು. ಅಂದಿನಿಂದ ಅಪ್ಪ ಕುಣಿಗೆ ಇಳಿಯುವಾಗ ಎಡಗಾಲನ್ನು ಎಷ್ಟು ಜೋಪಾನವಾಗಿ ಇಡುತ್ತಿದ್ದನೆಂದರೆ, ಮಗ್ಗ ಬಿಟ್ಟು ಬೇರೆ ಕಡೆ ಕೂರುವಾಗಲೂ ಆ ರೂಢಿ ಹೋಗಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಮೂತ್ರ ಪರೀಕ್ಷೆ. ಡಾಕ್ಟರರು ಕೊಟ್ಟ ನೀಲಿ ನೀರನ್ನು ಗಾಜಿನ ನಳಿಗೆಗೆ ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕುದಿಸಬೇಕು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು, ಇಟ್ಟಂಗಿಯ ಕೆಂಪು ಬಂದರೆ ವಿಪರೀತ. ಬಣ್ಣ ಹೋಲಿಸಲು ಒಂದು ಛಾಪಿಸಿದ ಕಾಗದ ಕೊಟ್ಟಿದ್ದರು. ಅತ್ತೆ ಅದನ್ನು ಒಮ್ಮೆ ನೋಡಿ, ಈ ಹಸಿರು ನಳಿಗೆಯ ಹಸಿರಲ್ಲ ಎಂದು ಮೂಲೆಗಿಟ್ಟಳು. ಹದಿನೈದು ದಿನ ನಳಿಗೆಯಲ್ಲಿ ಬಂದ ಒಂದೊಂದು ಬಣ್ಣಕ್ಕೂ ಸರಿಹೊಂದುವ ನೂಲನ್ನು ಮನೆಯ ಲಡಿಗಳಲ್ಲಿ, ಓಣಿಯ ಲಡಿಗಳಲ್ಲಿ ಹುಡುಕಿ ಏಳು ಎಳೆಗಳನ್ನು ಒಂದು ಕಡ್ಡಿಗೆ ಕಟ್ಟಿದಳು. ಡಾಕ್ಟರರ ಕಾಗದದಲ್ಲಿ ಐದೇ ಬಣ್ಣ ಇದ್ದವು. ಹಸಿರಿಗೂ ಹಳದಿಗೂ ನಡುವೆ ಇನ್ನೆರಡು ಇವೆ ಎಂದು ಅವಳೇ ಅವರಿಗೆ ತೋರಿಸಿ ಬಂದಳು. ಅವರು ಆ ಕಡ್ಡಿಯನ್ನು ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದರಂತೆ.

ಬಣ್ಣ ನೋಡಿ ದಾರದಿಂದ ಒಂದು ಕೂದಲು ಮೇಲೆ, ಒಂದು ಕೂದಲು ಕೆಳಗೆ ಔಷಧಿ ಎಳೆಯುತ್ತಿದ್ದಳು. ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದಾಗ ನಾನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅವಳು ಬೈಸಿಕೊಳ್ಳುತ್ತಲೇ ಹಾಕಿ ಮುಗಿಸಿ, ಆತು, ಇನ್ನ ಎರಡು ಬೈಗುಳ ಉಳಿದಿದ್ದರೆ ನಾಳೆಗೆ ಇಟ್ಟುಕೋ ಎನ್ನುತ್ತಿದ್ದಳು. ಆಮೇಲೆ ಎರಡು ರೊಟ್ಟಿ, ಪಲ್ಯ, ಮಜ್ಜಿಗೆ. ರೊಟ್ಟಿಗೂ ಅಳತೆ ಇತ್ತು, ಅವಳ ಒಂದು ಗೇಣಿನ ಅಗಲ. ಅವ್ವ ಪ್ರೀತಿಯಿಂದ ಒಂದು ದಿನ ದೊಡ್ಡದು ಬಡಿದರೆ ಅಂಚು ಮುರಿದು ತಾನು ತಿನ್ನುತ್ತಿದ್ದಳು. ಮೂರು ವರ್ಷ ಹೀಗೆ ನಡೆಯಿತು. ನಾನು ಮೈ ತುಂಬಿಕೊಂಡೆ, ಶಾಲೆಗೆ ಹೋದೆ, ಹುಡುಗಿಯರ ಜೊತೆ ಜಗಳಾಡಿದೆ.

ನನ್ನ ಹದಿನಾಲ್ಕನೆಯ ವರ್ಷದ ಪಂಚಮಿಗೆ ಅವ್ವ ತವರಿಗೆಂದು ಲಕ್ಷ್ಮೇಶ್ವರಕ್ಕೆ ಹೋಗಿದ್ದಳು. ಓಣಿಯ ಮನೆಮನೆಯಲ್ಲಿ ಉಂಡಿ: ಶೇಂಗಾದ್ದು, ಎಳ್ಳಿಂದು, ರವೆಯದು, ಬೇಸನ್ನಿಂದು. ಗೆಳತಿಯರು ಉಡಿಯಲ್ಲಿ ಉಂಡಿ ತುಂಬಿಕೊಂಡು ಜೋಕಾಲಿ ಆಡುತ್ತಿದ್ದರು. ನನಗೆ ಒಂದೇ ಒಂದು ಬೇಕಿತ್ತು. ಅಂದು ಬೆಳಿಗ್ಗೆ ನಳಿಗೆಯಲ್ಲಿ ಹಳದಿ ಬಂದಿತ್ತು, ಹೀಗಾಗಿ ಅತ್ತೆ ಕೊಡಲಿಲ್ಲ. ನಾಳೆ ನೀಲಿ ಬಂದರೆ ಅರ್ಧ ಕೊಡುತ್ತೇನೆ ಎಂದಳು. ನಾನು ಕಾಲು ಬೀಸಿ ಒದ್ದೆ. ಸೂಜಿ ಹಾಕಿ ಮುಗಿಸಿ ತೊಳೆದಿಟ್ಟಿದ್ದ ಹಿತ್ತಾಳೆ ಡಬ್ಬಿ ಹಾರಿ ಒಳಕಲ್ಲಿಗೆ ಬಡಿಯಿತು. ಸಿರಿಂಜು ಎರಡು ತುಂಡು.

ಅತ್ತೆ ಬೈಯಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು. ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಬ್ಬದ ದಿನ ಗದಗಿನ ಔಷಧಿ ಅಂಗಡಿಗಳನ್ನೆಲ್ಲ ಅಲೆದಳು. ಬಹಳಷ್ಟು ಮುಚ್ಚಿದ್ದವು. ತೆರೆದಿದ್ದ ಒಂದರಲ್ಲಿ ಈ ನಮೂನೆಯದು ಇಲ್ಲ, ಇದು ಇದೆ ಎಂದು ಇನ್ನೊಂದು ಕೊಟ್ಟರು. ಮನೆಗೆ ಬಂದು ಹಳೆಯ ತುಂಡನ್ನೂ ಹೊಸ ಸಿರಿಂಜನ್ನೂ ಬಾಗಿಲ ಬೆಳಕಿನಲ್ಲಿ ಒಂದರ ಪಕ್ಕ ಒಂದು ಮಲಗಿಸಿ, ತುದಿಗೆ ತುದಿ ಕೂಡಿಸಿ, ಹಳೆಯದರಲ್ಲಿ ಕೆಂಪು ದಾರ ಇದ್ದಷ್ಟೇ ಎತ್ತರಕ್ಕೆ ಹೊಸದಕ್ಕೆ ಕೆಂಪು ದಾರ ಬಿಗಿದಳು. ನಾನು ನೋಡುತ್ತಲೇ ಇದ್ದೆ. ನನಗೆ ಅಂಕಿ ಓದಲು ಬರುತ್ತಿತ್ತು. ಹೊಸದರ ಮೇಲೆ ಅಂಕಿಗಳು ಕಪ್ಪಗೆ ಎದ್ದು ಕಾಣುತ್ತಿದ್ದವು. ಸಿಟ್ಟಿನಲ್ಲಿದ್ದೆ, ಓದಲಿಲ್ಲ.

ಮರುದಿನ ಅವ್ವನ ತವರಿನಲ್ಲಿ ತೊಟ್ಟಿಲ ಕಾರ್ಯ. ನಸುಕಿನಲ್ಲೇ ನನಗೆ ಸೂಜಿ ಹಾಕಿ, ಎರಡು ರೊಟ್ಟಿ ತಿನ್ನಿಸಿ, ಅತ್ತೆ ನನ್ನನ್ನು ಲಕ್ಷ್ಮೇಶ್ವರದ ಬಸ್ಸು ಹತ್ತಿಸಿದಳು. ರಾತ್ರಿ ಉಳಿಯಬೇಕಾಗಬಹುದೆಂದು ಸಿರಿಂಜಿನ ಡಬ್ಬಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಶೀಸೆ ಎರಡೂ ಅವಳ ಗಂಟಿನಲ್ಲಿದ್ದವು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಂಚಮಿ ಮುಗಿಸಿ ಹೊರಟ ಹೆಂಗಸರು, ಉಂಡಿಯ ಡಬ್ಬಿಗಳು, ಅಳುವ ಕೂಸುಗಳು.

ಅರ್ಧ ದಾರಿಗೆ ನನಗೆ ಸಿಟ್ಟು ಏರತೊಡಗಿತು. ಕಿಟಕಿ ಬೇಕು ಎಂದು ರಂಪ ಮಾಡಿದೆ. ಕಿಟಕಿ ಸಿಕ್ಕ ಮೇಲೆ ಗಾಳಿ ಬೇಡ ಎಂದು ರಂಪ ಮಾಡಿದೆ. ಅತ್ತೆಗೆ ನೀನು ಸಾಯಿ ಎಂದೆ. ಮೈ ಬೆವೆತಿತ್ತು, ಆದರೆ ಆ ಬಸ್ಸಿನಲ್ಲಿ ಬೆವೆಯದವರು ಯಾರೂ ಇರಲಿಲ್ಲ. ಕೈ ನಡುಗುತ್ತಿತ್ತು, ಬಸ್ಸೂ ನಡುಗುತ್ತಿತ್ತು. ಅತ್ತೆ ನನ್ನ ಮುಖ ನೋಡಿ, ನಿನ್ನೆಯ ಉಂಡಿಯ ಸಿಟ್ಟು ಇನ್ನೂ ಇಳಿದಿಲ್ಲ ಎಂದು ಪಕ್ಕದವರ ಹತ್ತಿರ ಹೇಳಿ ನಕ್ಕಳು. ಸ್ವಲ್ಪ ಹೊತ್ತಿಗೆ ನನ್ನ ನಾಲಿಗೆ ತೊದಲಿ ಕುತ್ತಿಗೆ ವಾಲಿತು. ಆಗ ಅವಳ ನಗೆ ನಿಂತಿತು.

ಅವಳ ಸೆರಗಿನಲ್ಲಿ ಯಾವಾಗಲೂ ಒಂದು ತುಂಡು ಬೆಲ್ಲ ಇರುತ್ತಿತ್ತು. ನಾನು ಹಲ್ಲು ಕಚ್ಚಿದ್ದೆ. ಬೆರಳು ತೂರಿಸಿ ವಸಡಿಗೆ ಬೆಲ್ಲ ತಿಕ್ಕಿದಳು, ನಾನು ಬೆರಳು ಕಚ್ಚಿದೆ. ಬಳೆ ಮಾರುವ ಒಬ್ಬ ಮುಸಲ್ಮಾನರ ಅಮ್ಮ ತನ್ನ ಪೆಟ್ಟಿಗೆ ಕೆಳಗಿಟ್ಟು ನನ್ನ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡಳಂತೆ, ಯಾರದೋ ಕೂಸಿಗೆಂದು ತಂದ ಸಕ್ಕರೆ ನೀರು ಹನಿಹನಿಯಾಗಿ ಬಿಟ್ಟರಂತೆ. ಇದೆಲ್ಲ ಆಮೇಲೆ ಕೇಳಿದ್ದು. ಲಕ್ಷ್ಮೇಶ್ವರದಲ್ಲಿ ಬಸ್ಸನ್ನು ಸ್ಟ್ಯಾಂಡಿಗೆ ಒಯ್ಯದೆ ಡಾಕ್ಟರರ ಬಾಗಿಲಿಗೇ ನಿಲ್ಲಿಸಿದರು. ರಕ್ತನಾಳಕ್ಕೆ ಗ್ಲೂಕೋಸು ಹೋದ ಮೇಲೆ ನಾನು ಕಣ್ಣು ಬಿಟ್ಟೆ. ಮೊದಲು ಕಂಡದ್ದು ಅತ್ತೆಯ ಕೈ. ಬೆರಳಿನಿಂದ ರಕ್ತ ಇಳಿದು ಒಣಗಿತ್ತು.

ಎಷ್ಟು ಹಾಕಿದ್ದೀರಿ ಎಂದು ಆ ಡಾಕ್ಟರರು ಕೇಳಿದರು. ಅತ್ತೆ ಡಬ್ಬಿ ತೆರೆದು ಸಿರಿಂಜು ತೋರಿಸಿ, ದಾರದ ತನಕ ಎಂದಳು. ಇದು ದೊಡ್ಡ ಸಿರಿಂಜು, ಇಲ್ಲಿಯ ತನಕ ಎಳೆದರೆ ಎರಡರಷ್ಟು ಆಗುತ್ತದೆ ಎಂದರು ಅವರು. ಅತ್ತೆ ನಂಬಲಿಲ್ಲ. ಸೆರಗು ಬಿಚ್ಚಿ ಹಳೆಯ ತುಂಡು ತೆಗೆದು ಪಕ್ಕಕ್ಕೆ ಹಿಡಿದಳು. ಎತ್ತರ ಒಂದೇ ಇತ್ತು. ಆಮೇಲೆ ಎರಡನ್ನೂ ತಿರುಗಿಸಿ ಬಾಯಿಯ ಕಡೆಯಿಂದ ನೋಡಿದಳು. ಹೊಸದರ ಬಾಯಿ ಅಗಲವಿತ್ತು.

ಬಟ್ಟೆಯ ಅಗಲಕ್ಕೆ ನಮ್ಮಲ್ಲಿ ಪನ್ನ ಎನ್ನುತ್ತಾರೆ. ಉದ್ದ ಎಷ್ಟೇ ಇರಲಿ, ಪನ್ನ ಕೇಳದೆ ನೂಲು ಎಷ್ಟು ಬೇಕೆಂದು ಹೇಳಲಾಗುವುದಿಲ್ಲ. ನೇಕಾರರ ಮನೆಯ ಕೂಸಿಗೂ ಗೊತ್ತಿರುವ ಮಾತು ಇದು.

"ನಲವತ್ತ ವರ್ಷ ಮಗ್ಗದ ಮನ್ಯಾಗ ಬಾಳೇವು ಮಾಡೀನಿ. ಉದ್ದ ಹಿಡದ್ನಿ, ಪನ್ನ ನೋಡ್ಲಿಲ್ಲ" ಎಂದಳು. ಯಾರಿಗೂ ಹೇಳಿದ ಮಾತಲ್ಲ ಅದು. ಅಳಲಿಲ್ಲ. ಅವ್ವ ತವರಿನಿಂದ ಓಡಿ ಬಂದು ಎದೆ ಬಡಿದುಕೊಂಡು ಅತ್ತಳು, ಬಾಯಿಗೆ ಬಂದದ್ದನ್ನು ಆಡಿದಳು. ಅತ್ತೆ ತಲೆ ಎತ್ತಲಿಲ್ಲ. ಸಿರಿಂಜು ಒಡೆದವಳು ನಾನು, ಅಂಕಿ ಓದದವಳು ನಾನು. ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಇಂದಿಗೂ ಅದು ನನ್ನ ಗಂಟಲಲ್ಲಿ ಇದೆ.

ಬೆಟಗೇರಿಗೆ ಬಂದ ಮೇಲೆ ಅತ್ತೆ ಸಿರಿಂಜು ಮುಟ್ಟಲಿಲ್ಲ. ಅಪ್ಪ ಒಬ್ಬ ಕಂಪೌಂಡರರನ್ನು ಗೊತ್ತು ಮಾಡಿದ. ಶಿರಹಟ್ಟಿಯ ಕಡೆಯವರು, ಒಳ್ಳೆಯ ಮನುಷ್ಯ, ತಮ್ಮದೇ ಸಣ್ಣ ಸಿರಿಂಜು ತರುತ್ತಿದ್ದರು. ಅದರಂಥದೇ ಒಂದನ್ನು ಅಪ್ಪನಿಗೂ ಕೊಡಿಸಿ ನಮ್ಮ ಡಬ್ಬಿಯಲ್ಲಿ ಇರಿಸಿದರು. ಆದರೆ ಅವರಿಗೆ ಊರೆಲ್ಲ ಸುತ್ತಬೇಕು. ಒಂದು ದಿನ ಏಳಕ್ಕೆ ಬಂದರೆ ಇನ್ನೊಂದು ದಿನ ಹತ್ತಕ್ಕೆ. ಅಲ್ಲಿಯ ತನಕ ನಾನು ಉಣ್ಣುವಂತಿಲ್ಲ, ಶಾಲೆ ತಪ್ಪುತ್ತಿತ್ತು, ನಳಿಗೆಯಲ್ಲಿ ಮತ್ತೆ ಇಟ್ಟಂಗಿ ಬಣ್ಣ ಬರತೊಡಗಿತು. ಅತ್ತೆ ಬಣ್ಣ ಮಾತ್ರ ನೋಡಿ ಹೇಳಿ ರಾಟಿಗೆ ಹೋಗುತ್ತಿದ್ದಳು. ಬೈಯಲು ಅವಳಿಲ್ಲದೆ ನನ್ನ ಬೆಳಗು ಬಿಕೋ ಎನ್ನುತ್ತಿತ್ತು.

ಹಾಗೆ ಮೂರು ವಾರ ಕಳೆಯಿತು. ಆಗ ಒಂದು ಸೋಮವಾರ ನಡೆದದ್ದನ್ನು ನಾವು ವರ್ಷಗಟ್ಟಲೆ ಹೇಳಿ ನಕ್ಕಿದ್ದೇವೆ. ಶಾಲೆಗೆ ರಜೆ. ಮಧ್ಯಾಹ್ನದ ಹೊತ್ತು, ಅಪ್ಪ ಸೀರೆ ಕೊಟ್ಟು ಬರಲು ಹೋಗಿದ್ದ. ನಾನು ಹಿತ್ತಲಿನಿಂದ ಒಳಗೆ ಬಂದರೆ ಅತ್ತೆ ಮಗ್ಗದ ಕುಣಿಯ ಅಂಚಿಗೆ ಒರಗಿ ಕೂತಿದ್ದಾಳೆ. ಕುಪ್ಪಸವೆಲ್ಲ ಬೆವರಿನಿಂದ ತೊಯ್ದು ಮೈಗೆ ಅಂಟಿದೆ. ಎರಡೂ ಕೈಯಲ್ಲಿ ಬೆಲ್ಲದ ಒಂದು ಹೆಂಟೆ ಹಿಡಿದು ಗಬಗಬ ತಿನ್ನುತ್ತಿದ್ದಾಳೆ. ಗಲ್ಲದ ಮೇಲೆಲ್ಲ ಬೆಲ್ಲ. ಜ್ವರದಲ್ಲೂ ಸೋಮವಾರ ಬಿಡದ ಅತ್ತೆ!

ನಾನು ಕೂಗಿ ಅವ್ವನನ್ನು ಕರೆದೆ. ಅವ್ವ ಬಂದು ಕಣ್ಣು ಬಿಟ್ಟು ನಿಂತಳು. ಏನಾತು ಎಂದು ಕೇಳಿದರೆ, ಪಿತ್ತ ಏರಿತ್ತು, ತಾಳಲಾಗಲಿಲ್ಲ ಎಂದಳು. ಮಾತು ತಡವರಿಸುತ್ತಿತ್ತು. ಅವ್ವ ಲಿಂಬೆಹಣ್ಣಿನ ಪಾನಕ ಮಾಡಿಕೊಟ್ಟಳು, ಅದನ್ನೂ ಕುಡಿದಳು, ಆಮೇಲೆ ಎರಡು ರೊಟ್ಟಿ ತಿಂದಳು. ಸಂಜೆಗೆ ಅಪ್ಪ ಬಂದು ಕೇಳಿ, ಕಡೆಗೂ ನನ್ನಕ್ಕ ಮನುಷ್ಯಳಾದಳು ಎಂದು ನಕ್ಕ. ಅಂದಿನಿಂದ ನನ್ನ ಕೈಗೆ ಒಂದು ಆಯುಧ ಸಿಕ್ಕಿತು. ಅವಳು ನನಗೆ ಬುದ್ಧಿ ಹೇಳಲು ಬಂದಾಗಲೆಲ್ಲ, ಸೋಮವಾರ ಬೆಲ್ಲ ತಿಂದಾಕಿ ನೀ, ನನಗೇನು ಹೇಳುತ್ತಿ ಎನ್ನುತ್ತಿದ್ದೆ. ಅವಳು ನಗುತ್ತಿದ್ದಳು. ಆ ತಿಂಗಳು ಶೀಸೆ ಒಂದು ದಿನ ಮೊದಲೇ ಖಾಲಿಯಾದಾಗ ಅವ್ವ ಕಂಪೌಂಡರರು ಚೆಲ್ಲಿರಬೇಕು ಎಂದು ಗೊಣಗಿದಳು.

ಬೆಲ್ಲ ತಿಂದ ಮರುದಿನ, ಮಂಗಳವಾರ, ಅತ್ತೆ ಅಪ್ಪನಿಗೆ ಹೇಳಿದಳು, ಕಂಪೌಂಡರರು ಇನ್ನು ಬರುವುದು ಬೇಡ, ನಾನೇ ಹಾಕುತ್ತೇನೆ. ಅವ್ವ ಬೇಡವೆಂದು ಹಟ ಹಿಡಿದಳು. ಅಪ್ಪ ನನ್ನ ಮುಖ ನೋಡಿದ. ಅತ್ತೆಯೇ ಹಾಕಲಿ ಎಂದೆ. ಧೈರ್ಯದಿಂದ ಹೇಳಿದ್ದಲ್ಲ, ಹತ್ತು ಗಂಟೆಯ ತನಕ ಹಸಿದು ಕೂರುವುದು ಸಾಕಾಗಿತ್ತು. ಆದರೂ ಹಾಗೆ ಅಂದದ್ದು ನನ್ನ ಜೀವನದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು.

ಅತ್ತೆ ಗದಗಿಗೆ ಹೋಗಿ ನಮ್ಮ ಡಾಕ್ಟರರ ಕೈಯಿಂದಲೇ ಸಣ್ಣ ಸಿರಿಂಜಿಗೆ ದಾರ ಕಟ್ಟಿಸಿಕೊಂಡು ಬಂದಳು. ಬಂದವಳೇ ದಾರದ ತನಕ ನೀರು ಎಳೆದು, ಸೂಜಿಯಿಂದ ಒಂದೊಂದೇ ಹನಿ ಬೀಳಿಸಿ ಎಣಿಸಿದಳು. ಮೂರು ಸಲ ಎಣಿಸಿದಳು. ಅಲ್ಲಿಂದ ಮುಂದೆ ಎಷ್ಟು ಸಿರಿಂಜು ಒಡೆದರೂ, ಯಾವ ನಮೂನೆಯದು ಬಂದರೂ, ಮೊದಲು ಅದೇ ಸೂಜಿ ಸಿಕ್ಕಿಸಿ ಹನಿ ಎಣಿಸಿಯೇ ದಾರ ಕಟ್ಟುತ್ತಿದ್ದಳು. ಐವತ್ತು ದಾಟಿದ ಮೇಲೆ ಅಂಕಿ ಓದುವುದನ್ನೂ ಕಲಿತಳು. ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದುಕೊಂಡು ರಾಟಿಯ ಪಕ್ಕ ಇಟ್ಟುಕೊಂಡು ನನ್ನಿಂದ ಹೇಳಿಸಿಕೊಂಡಳು. ಅಕ್ಷರ ಕಲಿ ಎಂದರೆ, ಸಿರಿಂಜಿನ ಮೇಲೆ ಅಕ್ಷರ ಇಲ್ಲವಲ್ಲ ಎಂದಳು.

ಇನ್ನೊಂದು ಬದಲಾಯಿತು. ನಾನು ಸಿಟ್ಟು ಮಾಡಿದಾಗಲೆಲ್ಲ ಅವಳು ರಾಟಿ ನಿಲ್ಲಿಸಿ ಹತ್ತಿರ ಬಂದು ಕೇಳುತ್ತಿದ್ದಳು.

"ತುಟಿ ಅಂಚು ಜುಮ್ ಅಂತೈತೇನ ಯವ್ವಾ?"

ಎಂಥ ತಲೆನೋವು ಅದು! ಗೆಳತಿಯ ಮೇಲೆ ಸಿಟ್ಟು ಬಂದರೂ ತುಟಿ, ಪರೀಕ್ಷೆಯಲ್ಲಿ ಮಾರ್ಕು ಕಡಿಮೆ ಬಿದ್ದು ಪುಸ್ತಕ ಎಸೆದರೂ ತುಟಿ. ಇಲ್ಲ ಎಂದು ಕಿರುಚಿದರೆ, ಹಾಗಾದರೆ ಖರೇ ಸಿಟ್ಟು, ಮಾಡಿಕೋ ಎಂದು ಹೋಗಿಬಿಡುತ್ತಿದ್ದಳು. ಹೌದು ಎಂದರೆ ಬೆಲ್ಲ ಬಾಯೊಳಗೆ ಇರುತ್ತಿತ್ತು. ಮಜಾ ಎಂದರೆ ಅವಳು ಕೇಳುವ ತನಕ ನನಗೇ ಅದು ಗೊತ್ತಾಗುತ್ತಿರಲಿಲ್ಲ. ಕೇಳಿದ ಮೇಲೆ ನಾಲಿಗೆಯಿಂದ ಸವರಿ ನೋಡಿದರೆ, ಹೌದು, ಇರುವೆ ಹರಿದಂತೆ ಜುಮ್ ಎನ್ನುತ್ತಿತ್ತು. ಒಮ್ಮೆಯೂ ಅವಳ ಲೆಕ್ಕ ತಪ್ಪಲಿಲ್ಲ. ಮತ್ತೆ ನಾನು ಎಂದೂ ಕುತ್ತಿಗೆ ವಾಲಿಸಲಿಲ್ಲ. ಗದಗಿನ ಡಾಕ್ಟರರಿಗೆ ಹೇಳಿದಾಗ, ಹೀಗೂ ಆಗುತ್ತದೆ ಎಂದು ಪುಸ್ತಕದಲ್ಲಿದೆ, ಆದರೆ ನಾನು ನಿಮ್ಮ ಅತ್ತೆಗೆ ಬೆವರು, ನಡುಕ ಅಷ್ಟೇ ಹೇಳಿದ್ದೆ ಎಂದರು. ನೀನೇ ಹೇಳಿರಬೇಕು ಎಂದರು. ಇರಬೇಕು ಎಂದುಕೊಂಡೆ.

ಎಂಬತ್ತರ ದಶಕದ ನಡುವೆ ನನಗೆ ಮುಂಡರಗಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಸಕ್ಕರೆ ಕಾಯಿಲೆಯ ಹುಡುಗಿ ಒಬ್ಬಳೇ ಹೇಗೆ ಇರುತ್ತಾಳೆಂದು ಅವ್ವ ಅನ್ನ ಬಿಟ್ಟಳು. ಅತ್ತೆ ಮಾತ್ರ ಸುಮ್ಮನೆ ನನ್ನ ಕೈಗೆ ಸಿರಿಂಜು ಕೊಟ್ಟು, ಹಾಕಿಕೋ ಎಂದು ಎದುರು ಕೂತಳು. ಒಂದು ತಿಂಗಳು ದಿನಾ ಕೂತಳು. ನನ್ನ ಕೈ ನಡುಗಿದರೆ ನೋಡದವಳ ಹಾಗೆ ಬಾಗಿಲ ಕಡೆ ಮುಖ ಮಾಡುತ್ತಿದ್ದಳು. ತಿಂಗಳು ಮುಗಿದ ಮೇಲೆ ನನ್ನ ಜೊತೆ ಮುಂಡರಗಿಗೆ ಬಂದಳು, ನಾಲ್ಕು ದಿನ ಇದ್ದು ಮನೆ ಹೂಡಿಕೊಟ್ಟು ಹೋಗಲು.

ಬಾಡಿಗೆಯ ಖೋಲಿಯಲ್ಲಿ ಮಗ್ಗದ ಕುಣಿ ಎಲ್ಲಿಂದ ಬರಬೇಕು? ಅತ್ತೆ ಮನೆಯ ಯಜಮಾನಿಯ ಹತ್ತಿರ ಏನು ಮಾತಾಡಿದಳೋ, ಆ ತಾಯಿ ಅಡುಗೆ ಮೂಲೆಯ ಮಣ್ಣಿನ ನೆಲ ತೋಡಲು ಒಪ್ಪಿದರು. ಸಿಂಗಟಾಲೂರಿನ ಹೊಳೆಯಿಂದ ಮನೆ ಕಟ್ಟಲು ತಂದಿದ್ದ ಉಸುಕು ಎದುರು ಮನೆಯ ಮುಂದೆ ಬಿದ್ದಿತ್ತು. ಅದರಲ್ಲಿ ಎರಡು ಬೊಗಸೆ ಕೇಳಿ ತಂದು ಜರಡಿ ಹಿಡಿದಳು. ಗಡಿಗೆ ಹೂತು, ಉಸುಕು ತುಂಬಿ, ನೀರು ಚಿಮುಕಿಸಿ ಅಂಗೈ ಇಟ್ಟು ತಂಪು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದೆ. ಹೊರಡುವ ದಿನ ಅದು. ಇನ್ನು ತುಟಿ ಕೇಳುವವರು ಯಾರು ಎಂದು ತಮಾಷೆ ಮಾಡಲು ಹೋದೆ, ನಗು ಬರಲಿಲ್ಲ. ಅದನ್ನು ಮುಚ್ಚಿಕೊಳ್ಳಲು ಬೇರೆ ಪ್ರಶ್ನೆ ಕೇಳಿದೆ. ತುಟಿಯ ವಿಷಯ ನಾನು ನಿನಗೆ ಯಾವತ್ತು ಹೇಳಿದ್ದೆ ಅತ್ತಿ, ನನಗೆ ನೆನಪೇ ಇಲ್ಲ ಎಂದೆ.

"ನೀ ಎಲ್ಲಿ ಹೇಳೀದಿ? ನನಗ ಆಗಿತ್ತಲ್ಲ" ಎಂದಳು, ಕೈ ಉಸುಕಿನಿಂದ ತೆಗೆಯದೆ.

ನಿನಗೆ ಯಾವಾಗ ಎಂದೆ.

"ಆ ಸೋಮವಾರ. ಬೆಲ್ಲ ತಿಂದಾಕಿ ಬೆಲ್ಲ ತಿಂದಾಕಿ ಅಂತ ಕುಣೀತಿದ್ದಿ ನೋಡು, ಆವತ್ತ."

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ನಿಧಾನವಾಗಿ ಹೇಳಿದಳು. ಬಸ್ಸಿನಲ್ಲಿ ನಿನ್ನ ಸಿಟ್ಟು ಯಾವುದು, ಕಾಯಿಲೆಯ ಸಿಟ್ಟು ಯಾವುದು ಎಂದು ನನಗೆ ತಿಳಿಯಲಿಲ್ಲ. ನಗುತ್ತ ಕೂತೆ. ಅದು ತಿಳಿಯದೆ ಮತ್ತೆ ನಿನಗೆ ಸೂಜಿ ಹಾಕುವ ಹಾಗಿರಲಿಲ್ಲ. ಡಾಕ್ಟರರು ಬೆವರು ಎಂದರು, ನಡುಕ ಎಂದರು, ಒಳಗೆ ಏನಾಗುತ್ತದೆಂದು ಅವರಿಗೇನು ಗೊತ್ತು? ಕಾಯಿಲೆ ಇದ್ದವಳು ನೀನು, ನಿನಗೆ ಹೇಳಲು ಬರುತ್ತಿರಲಿಲ್ಲ. ಅದಕ್ಕೆ ನಿನ್ನ ಔಷಧಿ ನಾನೇ ಹಾಕಿಕೊಂಡು ನೋಡಿದೆ. ಸೋಮವಾರವಾದರೆ ಉಣ್ಣಲಿಲ್ಲ ಯಾಕೆ ಎಂದು ಯಾರೂ ಕೇಳುವುದಿಲ್ಲ. ಬೆಲ್ಲ ಕೈಯಲ್ಲೇ ಇಟ್ಟುಕೊಂಡಿದ್ದೆ. ಮೊದಲು ತುಟಿ ಜುಮ್ ಎಂದಿತು. ಆಮೇಲೆ ಯಾರ ಮೇಲೋ ಗೊತ್ತಿಲ್ಲ, ಸಿಟ್ಟು ಬಂತು. ಆಮೇಲೆ ಬೆವರು. ಆ ಕ್ರಮ ಗೊತ್ತಾದ ಮೇಲೆ ಬೆಲ್ಲ ತಿಂದೆ.

ನನಗೆ ಮೈಯೆಲ್ಲ ಉರಿಯಿತು. ರೊಟ್ಟಿ ತಟ್ಟೆ ದೂಡಿ ಕಿರುಚಿದೆ. ನಿನಗೇನು ಹುಚ್ಚೇ, ಹೊಟ್ಟೆಯಲ್ಲಿ ಒಂದು ಅಗುಳು ಇಲ್ಲದೆ ಹಾಕಿಕೊಂಡೆಯಾ, ಬೆಲ್ಲ ಬಾಯಿಗೆ ಮುಟ್ಟುವ ಮೊದಲೇ ಸತ್ತಿದ್ದರೆ, ನಾವು ಪಿತ್ತ ಎಂದು ಲಿಂಬೆಹಣ್ಣು ಹಿಂಡುತ್ತ ಕೂತಿರುತ್ತಿದ್ದೆವು ಎಂದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಹಳೆಯ ದಿನಗಳಲ್ಲಿ ಬೈಸಿಕೊಂಡ ಹಾಗೇ ಬೈಸಿಕೊಂಡಳು. ಎಷ್ಟು ಹಾಕಿಕೊಂಡೆ ಎಂದು ಕೇಳಿದೆ. ಆಗ ಮಾತ್ರ ಅವಳ ಮುಖ ಸಣ್ಣದಾಯಿತು. ಉಸುಕಿನ ಮೇಲೆ ಒದ್ದೆ ಬಟ್ಟೆ ಮುಚ್ಚಿ ಅದರ ಅಂಚುಗಳನ್ನು ಒಳಗೆ ಸರಿಸಿದಳು.

"ಬಸ್ಸಿನ ದಿನ ನಿನಗ ಹಾಕಿದ್ದರಾಗ ಅರ್ಧ" ಎಂದಳು. "ಪೂರಾ ಹಾಕ್ಕೊಳ್ಳಾಕ ನನಗ ಧೈರ್ಯ ಆಗ್ಲಿಲ್ಲವ್ವ."

ತಪ್ಪು ಒಪ್ಪಿಕೊಳ್ಳುವವರ ದನಿ ಅದು. ಇಷ್ಟು ವರ್ಷ ಆ ಅರ್ಧಕ್ಕೆ ನಾಚಿಕೊಂಡು ಸುಮ್ಮನಿದ್ದಳು. ಸಿರಿಂಜು ಒದ್ದು ಒಡೆದವಳು ನಾನು ಅತ್ತಿ, ಅಂಕಿ ಇದ್ದದ್ದು ಕಂಡಿತ್ತು, ಓದಲಿಲ್ಲ ಎಂದು ಅಂದು ಮೊದಲ ಸಲ ಹೇಳಬೇಕೆಂದು ಬಾಯಿ ತೆರೆದೆ. ಶಬ್ದ ಬರಲಿಲ್ಲ, ಅಳು ಬಂತು. ಅತ್ತೆ ಗಾಬರಿಯಾಗಿ ಎದ್ದು ಬಂದು ಒದ್ದೆ ಕೈಯಿಂದಲೇ ನನ್ನ ಗಲ್ಲ ಹಿಡಿದಳು. ಸೆರಗಿನ ಗಂಟು ಬಿಚ್ಚುತ್ತ, ತುಟಿ ಜುಮ್ ಅಂತೈತೇನು ಎಂದು ಕೇಳಿದಳು.